ನೇರಳೆ ಪೆನ್ನು

ಕೌಲ್ ಬಜಾರಿನ ಹಿಂದಿನ ಓಣಿ, ತಗಡಿನ ಶೆಡ್ಡು,
ರಾತ್ರಿ ಒಂಬತ್ತಾದರೂ ಇಳಿಯದ ಕಾವು.
ಹನ್ನೊಂದು ಮಿಷಿನ್ನು ಒಟ್ಟಿಗೆ ಕುಟ್ಟುತ್ತವೆ.
ನನ್ನದು ಚೆಕಿಂಗ್ ಟೇಬಲ್:
ಜಿಪ್ಪು ಎಳೆದು ನೋಡುವುದು, ದಾರ ಕತ್ತರಿಸುವುದು,
ಹೊಲಿಗೆ ಸೊಟ್ಟಗಿದ್ದರೆ ಸೀಮೆಸುಣ್ಣದ ಗೀಟು ಹಾಕಿ
ವಾಪಸ್ ಎಸೆಯುವುದು.

ಮಗಳು ಹೊನ್ನೂರಮ್ಮ ಜೀನ್ಸಿನ ಗಂಟಿನ ಮೇಲೆ ಕೂತು
ಸಮಾಜ ಓದುತ್ತಾಳೆ. ಬೆಳಗಾದರೆ ಪರೀಕ್ಷೆ.
"ಅಮ್ಮಾ, ದಿಲ್ಲಿಯೊಳಗ ಎರಡು ಮನಿ."
"ಇಲ್ಲಿ ಒಂದಕ್ಕೇ ಬಾಡಿಗಿ ಕಟ್ಟಾಕ ಆಗವಲ್ದು" ಅಂದೆ.
ನಗಲಿಲ್ಲ. ಪುಟ ತಿರುವಿದಳು.

ಕೆಳಮನೆ ನನಗೆ ಗೊತ್ತು.
ಮುನಿಸಿಪಲ್ ಶಾಲೆ, ರೂಮು ನಂಬರ್ ಮೂರು,
ರಟ್ಟಿನ ಮರೆ, ಒತ್ತಿದರೆ ಕೂಂಯ್ ಎನ್ನುವ ಪೆಟ್ಟಿಗೆ.
ಐನೂರ ನಲವತ್ತಮೂರು ಕುರ್ಚಿ,
ನಮ್ಮ ರಾಜ್ಯಕ್ಕೆ ಇಪ್ಪತ್ತೆಂಟು,
ಅದರಲ್ಲಿ ಬಳ್ಳಾರಿಯದೊಂದು,
ಆ ಒಂದರಲ್ಲಿ ನನ್ನ ಪಾಲೆಷ್ಟು,
ಪುಸ್ತಕದಲ್ಲಿ ಬರೆದಿಲ್ಲ.
ದಾರದ ತುಂಡಿನಷ್ಟಿರಬಹುದು.
ಒಂದು ದಾರ ಬಿಟ್ಟರೆ ಇಡೀ ಸೊಂಟಪಟ್ಟಿ
ಬಿಚ್ಚಿಕೊಳ್ಳುತ್ತದೆ, ಅದೂ ಗೊತ್ತು.

"ಮ್ಯಾಲಿನ ಮನಿಗೆ ನಾವು ಯಾವಾಗ ಹಾಕ್ತೀವಿ?"
"ನೀ ಹಾಕಂಗಿಲ್ಲ. ನೀ ಗೆಲ್ಲಿಸಿದ ಶಾಸಕರು ಹಾಕ್ತಾರ."
ನಾನು ಗೆಲ್ಲಿಸಿದವರು!
ನಾನು ಒತ್ತಿದ್ದು ಸೋತಿತ್ತು; ಇವಳಿಗೆ ಹೇಳಿಲ್ಲ.

ಆ ಮನೆಯಲ್ಲಿ ನಮ್ಮ ರಾಜ್ಯಕ್ಕೆ ಹನ್ನೆರಡು.
ಒಂದು ಡಜನ್. ಈ ಲೆಕ್ಕ ನಮ್ಮದು,
ಇಲ್ಲಿ ಎಲ್ಲ ಡಜನ್ನಿನಲ್ಲೇ ಕಟ್ಟುವುದು.
ಓಟೇ ಇಲ್ಲದೆ ರಾಷ್ಟ್ರಪತಿ ಕೂರಿಸುವ
ಇನ್ನೊಂದು ಡಜನ್ನೂ ಉಂಟಂತೆ:
ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ.
"ಹೊಲಿಗಿ?"
"ಕಲೆಯೊಳಗ ಬರ್ತದೇನೋ" ಅಂದಳು, ಅನುಮಾನದಿಂದ.

ಕೆಳಮನೆ ಐದು ವರ್ಷಕ್ಕೊಮ್ಮೆ,
ಕೆಲವು ಸಲ ಮೊದಲೇ,
ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿಯುವ ಬಟ್ಟೆ.
ಮೇಲ್ಮನೆಯನ್ನು ಯಾರೂ ಬಿಚ್ಚುವಂತಿಲ್ಲ.
ಎರಡೆರಡು ವರ್ಷಕ್ಕೆ ಮೂರರಲ್ಲೊಂದು ಪಾಲು ಎದ್ದು ಹೋಗಿ
ಅಷ್ಟೇ ಅಗಲದ ಹೊಸ ತೇಪೆ.
ಗಾದಿಲಿಂಗನ ಹಳೇ ಪ್ಯಾಂಟಿನ ಹಾಗೆ:
ಯಾವುದು ಮೊದಲಿನ ಬಟ್ಟೆ, ಕೇಳಬಾರದು.

ಕೆಳಗೆ ಹೊಲಿದದ್ದು ಮೇಲೆ ಹೋಗುತ್ತದೆ.
ಅವರು ತಿರುವಿ ನೋಡಿ, ಬೇಡವೆಂದರೆ ವಾಪಸ್ ಕಳಿಸುತ್ತಾರೆ.
ನನ್ನ ಹಾಗೆ! ಕತ್ತರಿ ಹಿಡಿದೇ ನೆಟ್ಟಗೆ ಕೂತೆ.
"ರೊಕ್ಕದ ಮಸೂದೆ ಆದ್ರ ಹದಿನಾಲ್ಕೇ ದಿನ, ಅಮ್ಮಾ.
ಆಮ್ಯಾಲೆ ಅವ್ರು ಏನಂದ್ರೂ ನಡಿಯಂಗಿಲ್ಲ."
ಇಲ್ಲೂ ಹಾಗೇ.
ಪೀಸ್ ರೇಟು ಬರೆಯುವ ಪುಸ್ತಕ
ಚೆಕಿಂಗ್ ಟೇಬಲ್ಲಿಗೆ ಬರುವುದಿಲ್ಲ.

ನಾಲ್ಕು ಕುರ್ಚಿ ಖಾಲಿ, ಇನ್ನೂರ ಇಪ್ಪತ್ನಾಲ್ಕು ಶಾಸಕರು:
ಐದರಿಂದ ಭಾಗಿಸು, ಉಳಿದದ್ದು ಬಿಡು, ಒಂದು ಕೂಡಿಸು.
ನಲವತ್ತೈದು ಬಂದರೆ ಗೆದ್ದ.
ಗುಂಡಿಯಿಲ್ಲ ಅಲ್ಲಿ. ಕಾಗದ,
ಅವರೇ ಕೊಡುವ ನೇರಳೆ ಪೆನ್ನು.
ಒಂದು, ಎರಡು, ಮೂರು ಎಂದು ಇಷ್ಟದ ಸರದಿ ಬರೆಯಬೇಕು.
ಬರೆದು,
ತನ್ನ ಪಕ್ಷದ ಏಜೆಂಟನಿಗೆ ತೋರಿಸಿ
ಆಮೇಲೆ ಪೆಟ್ಟಿಗೆಗೆ ಹಾಕಬೇಕು.
"ಇದು ಪುಸ್ತಕದಾಗ ಇಲ್ಲ, ಮೇಡಂ ಹೇಳಿದ್ದು."

ಕತ್ತರಿ ನಿಂತಿತು.
ತೋರಿಸಿ?

ಹತ್ತೊಂಬತ್ತು ವರ್ಷವಾಯಿತು ಮದುವೆಯಾಗಿ.
ಪ್ರತಿ ಸಲ ಶಾಲೆಯ ಗೇಟಿನಲ್ಲೇ ಕೇಳುತ್ತಾನೆ ಗಾದಿಲಿಂಗ:
ಯಾರಿಗೆ ಹಾಕಿದಿ?
ಸಿಟ್ಟಿನಲ್ಲಿ ಕೇಳಿದ್ದಾನೆ, ಮಿರ್ಚಿ ಕೊಡಿಸಿ ಕೇಳಿದ್ದಾನೆ.
ಹೇಳಿಲ್ಲ.
ಸೀರೆ, ಕೂಲಿ, ತವರಿನ ಮಾತು ಎಲ್ಲ ಅವನೆದುರು ಬಿಚ್ಚಿಟ್ಟವಳು
ಅದೊಂದನ್ನು ಬಿಚ್ಚಿಲ್ಲ.
ಕಾರಿನಲ್ಲಿ ಓಡಾಡುವವರಿಗೆ
ಈ ರಟ್ಟಿನ ಮರೆ ಇಲ್ಲವೇ?

ಹೋದ ಸಲ ಶಾಯಿ ಹಚ್ಚುವ ಹುಡುಗ
ನನ್ನ ಬೆರಳು ಹಿಡಿದು ತಡವರಿಸಿದ.
ಐದಕ್ಕೆ ಐದೂ ನೀಲಿ, ಉಗುರಿನ ಸಂದಿನವರೆಗೂ.
"ಆಗಲೇ ಹಾಕೀರೇನಮ್ಮಾ?"
"ಇದು ಜೀನ್ಸಿನದಪ್ಪಾ, ಹೋಗಂಗಿಲ್ಲ" ಅಂದೆ.
ಬಟ್ಟೆಯಿಂದ ಉಜ್ಜಿ ನೋಡಿ
ನೀಲಿಯ ಮೇಲೇ ಗೀಟೆಳೆದ.

ಹೊನ್ನೂರಮ್ಮ ಗಂಟಿನ ಮೇಲೆ ನಿದ್ದೆ ಹೋಗಿದ್ದಾಳೆ,
ಪುಸ್ತಕ ಎದೆಯ ಮೇಲೆ ಬೋರಲು.
ಆ ಕಡೆಯ ಮಿಷಿನ್ನಿನಿಂದ ಗಾದಿಲಿಂಗ
ಇನ್ನೊಂದು ಪ್ಯಾಂಟು ಎಸೆದ.
ಎಡಗಾಲು ಒಂದು ದಾರ ಗಿಡ್ಡ.
ಗೀಟು ಹಾಕಿದೆ.